ರೈಲು ನಿಂತರೆ ಊರೇ ನಿಲ್ಲಬೇಕೆ?



2001ರ ಫೆಬ್ರವರಿ 28ರಂದು ಕೆ.ಜಿ.ಎಫ್. ಚಿನ್ನದ ಗಣಿಗೆ ಬೀಗ ಬಿತ್ತು. ಅಂದಿನಿಂದ ಮಾರಿಕುಪ್ಪಂ, ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿಯುವುದೇ ಸಾವಿರಾರು ಮನೆಗಳ ಅನ್ನದ ದಾರಿ. 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಬಂತು, ಆ ರೈಲೂ ನಿಂತಿತು. ಸಾಫ್ಟ್‌ವೇರ್ ಮಂದಿ ಮನೆಯಲ್ಲೇ ಕೂತು ಸಂಬಳ ಎಣಿಸಿದರು. ಗಾರೆ ಕೆಲಸದವನು, ಸೆಕ್ಯುರಿಟಿ ಗಾರ್ಡು ಏನು ಎಣಿಸಬೇಕಿತ್ತು?

ಐ.ಪಿ.ಎಲ್. ಕ್ರಿಕೆಟ್ಟನ್ನು ದುಬೈ, ಅಬುಧಾಬಿಗೆ ಒಯ್ದು ಆಡಿಸಿದರು. ನಮ್ಮ ಹುಡುಗರ ಟೆನಿಸ್ ಬಾಲ್ ಪಂದ್ಯವನ್ನು ಯಾರು ಎಲ್ಲಿಗೆ ಒಯ್ದರು? ಮೈದಾನ ಖಾಲಿ, ಟಾಕೀಸಿಗೆ ಬೀಗ, ಹೆಸರಾಂತ ಬಂಗಾರಪೇಟೆ ಪಾನಿಪುರಿಯ ಗಾಡಿಗಳೂ ಮಾಯ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಟೂರ್ನಮೆಂಟ್ ಪೋಸ್ಟರ್ ಮೂರೂ ನಿಂತಾಗ ನನ್ನಂಥ ಪ್ರೆಸ್ಸಿನವನಿಗೆ ಊರಿನ ನಾಡಿಯೇ ಸಿಗಲಿಲ್ಲ.

ರೋಗ ತಡೆಯಲು ಬೀಗ ಬೇಕಿತ್ತು, ಒಪ್ಪೋಣ. ಆದರೆ ಕಾರ್ಖಾನೆಗಳು ಮೇ ತಿಂಗಳಲ್ಲೇ ಬಾಗಿಲು ತೆರೆಯತೊಡಗಿದವು. ಪ್ಯಾಸೆಂಜರ್ ರೈಲು ಮಾತ್ರ ತಿಂಗಳುಗಟ್ಟಲೆ ಬರಲಿಲ್ಲ. ಊರಿನಲ್ಲೇ ಉದ್ಯೋಗವಿದ್ದವನ ಒಲೆ ಉರಿಯಿತು, ರೈಲು ಕಾದವನ ಒಲೆ ಆರಿತು!

ಗಣಿ ಮುಚ್ಚಿದ ನೆಲದಲ್ಲಿ ಕಾರ್ಖಾನೆ ತನ್ನಿ, ಸ್ಥಳೀಯರಿಗೆ ಕೆಲಸ ಕೊಡಿ ಎಂದು ಕೇಳುವುದು ಭಿಕ್ಷೆಯಲ್ಲ, ಹಕ್ಕು. ಗೆಳೆಯರೇ, ಮತ್ತೊಂದು ಬೀಗ ಬೀಳುವ ಮುನ್ನ ದನಿ ಎತ್ತಿ!