ಮೈಕ್ ಹಿಡಿದವರತ್ತ ಮೊಬೈಲ್ ಹಿಡಿಯಬೇಡಿ

ನಮ್ಮ ತಾಲ್ಲೂಕು ಕೇಂದ್ರದ ಒಂದು ಬಾರ್‌ನಲ್ಲಿ ಊಟ ಅಗ್ಗ, ಸಂಜೆ ಕರೋಕೆ ಪುಕ್ಕಟೆ. ಹೋದ ತಿಂಗಳು ಗಾರೆ ಕೆಲಸದ ಅಣ್ಣ ಒಬ್ಬರು ರಾಜ್‌ಕುಮಾರ್ ಹಾಡು ಹಾಡಿದರು. ಶ್ರುತಿ ತಪ್ಪಿತು, ಆದರೂ ಚಪ್ಪಾಳೆ ತಟ್ಟಿದೆವು. ಯಾರೋ ವಿಡಿಯೊ ಮಾಡಿದ್ದರು. ಬೆಳಗಾಗುವಷ್ಟರಲ್ಲಿ ‘ಕುಡುಕನ ಹಾಡು’ ಅಂತ ಊರಿನ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಓಡಾಡಿತು. ಅವರ ಮಗಳೂ ನೋಡಿದಳು. ಅಣ್ಣ ಮತ್ತೆ ಅತ್ತ ಸುಳಿದಿಲ್ಲ.

1971ರಲ್ಲಿ ಕರೋಕೆ ಯಂತ್ರ ಮಾಡಿದ ಜಪಾನಿನ ಡೈಸುಕೆ ಇನೊವೆಗೆ 2004ರಲ್ಲಿ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಸಿಕ್ಕಿತು. ಜನ ಒಬ್ಬರನ್ನೊಬ್ಬರು ಸಹಿಸಿಕೊಳ್ಳಲು ಹೊಸ ದಾರಿ ತೋರಿಸಿದ್ದಕ್ಕಂತೆ! ತಮಾಷೆಯ ಪ್ರಶಸ್ತಿ, ಆದರೆ ಮಾತು ನಿಜ.

ದಿನವಿಡೀ ದುಡಿದವರು ಐದು ನಿಮಿಷ ಹಾಡಲಿ. ಕೇಳಲಾಗದಿದ್ದರೆ ಊಟ ಮುಗಿಸಿ ಏಳೋಣ. ಒಪ್ಪಿಗೆ ಇಲ್ಲದೆ ವಿಡಿಯೊ ಮಾಡುವುದು ಬೇಡ. ಅಂಥದ್ದು ನಮ್ಮ ಫೋನಿಗೆ ಬಂದರೆ ಮುಂದಕ್ಕೆ ಕಳಿಸದೆ ಡಿಲೀಟ್ ಮಾಡೋಣ.