ಬುದ್ಧಿಮಾಪನ ಮತ್ತು ಮನೆಮಾತು

ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ 1905ರಲ್ಲಿ ರೂಪಿಸಿದ ಬುದ್ಧಿಪರೀಕ್ಷೆಯ ಉದ್ದೇಶ ಸೀಮಿತವಾಗಿತ್ತು: ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದು. ಅದರ ಸ್ಟ್ಯಾನ್‌ಫರ್ಡ್ ಪರಿಷ್ಕರಣವನ್ನು ಅಂದಿನ ಮುಂಬಯಿ ಕರ್ನಾಟಕದ ಮಕ್ಕಳಿಗೆ ಅಳವಡಿಸಿದವರು ವಿ. ವಿ. ಕಾಮತ್. ಅವರ ಗ್ರಂಥ 1940ರಲ್ಲಿ ಪ್ರಕಟವಾಯಿತು. ಕಾಮತರ ಹಿರಿಮೆಯಿರುವುದು ಪ್ರಶ್ನೆಗಳನ್ನು ಭಾಷಾಂತರಿಸಿದ್ದರಲ್ಲಲ್ಲ. ಕನ್ನಡ, ಮರಾಠಿ ನುಡಿಯುವ ಮಕ್ಕಳ ಮುಂದಿಟ್ಟು, ಯಾವ ಪ್ರಶ್ನೆ ಯಾವ ವಯಸ್ಸಿಗೆ ತಕ್ಕುದೆಂದು ಹೊಸದಾಗಿ ನಿರ್ಧರಿಸಿದ್ದರಲ್ಲಿ. ದುರ್ದೈವವೆಂದರೆ, ಅದೇ ಹಳೆಯ ಮಾನದಂಡಗಳನ್ನು ದಶಕಗಳ ಕಾಲ ಬಳಸುತ್ತ ಬರಲಾಗಿದೆ.

ತೊಡಕು ಹಳಮೆಯದಷ್ಟೇ ಅಲ್ಲ. ಇಂದಿನ ಮುಂಬಯಿಯ ಕನ್ನಡ ಕುಟುಂಬದ ಮಗುವಿಗೆ ಮನೆಯಲ್ಲಿ ಕನ್ನಡ, ಎಷ್ಟೋ ವೇಳೆ ತುಳುವೂ, ಬೀದಿಯಲ್ಲಿ ಮರಾಠಿ, ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಇಂಗ್ಲಿಷ್ ಪದದ ಅರ್ಥ ಹೇಳಲು ಅದು ತಡವರಿಸಿದರೆ ಅಲ್ಲಿ ಅಳೆದದ್ದು ಬುದ್ಧಿಯನ್ನೋ, ಭಾಷೆಯನ್ನೋ? ಮುಂದೆ ಆ ಅಂಕಿಯನ್ನೇ ನೆಚ್ಚಿ ಮಗುವಿನ ಓದು, ವೃತ್ತಿಗಳ ಬಗೆಗೆ ಸಲಹೆ ನೀಡುವುದಾದರೆ ಇದು ಮನೋವಿಜ್ಞಾನಿಗಳ ಸಮಸ್ಯೆ ಮಾತ್ರವಾಗಿ ಉಳಿಯದು. ಯಾವ ಪದ ಯಾವ ವಯಸ್ಸಿನಲ್ಲಿ, ಯಾವ ಪ್ರದೇಶದಲ್ಲಿ ಮಕ್ಕಳಿಗೆ ಪರಿಚಿತವೆಂಬುದನ್ನು ಶೋಧಿಸಬಲ್ಲವರು ಭಾಷೆಯ ಅಭ್ಯಾಸಿಗಳೇ. ಹೊರನಾಡಿನ ಕನ್ನಡ ವಿಭಾಗಗಳು ಇಂಥ ಪದಸಮೀಕ್ಷೆಯನ್ನು ಹಳಗನ್ನಡ ಗ್ರಂಥಸಂಪಾದನೆಯಷ್ಟೇ ಗಣ್ಯವಾದ ಸಂಶೋಧನೆಯೆಂದು ಮನ್ನಿಸಿ, ವಿದ್ಯಾರ್ಥಿಗಳನ್ನು ಅದರಲ್ಲಿ ತೊಡಗಿಸಬೇಕು.