ದಖ್ಖನಿನ ಕರಿಕುರಿ: ಉಣ್ಣೆಗೇಕೆ ಬೆಲೆಯಿಲ್ಲ?

ಭಾರತದಲ್ಲಿ ಕುರಿಗಳ ಸಂಖ್ಯೆ ಏರಿದೆ; ಉಣ್ಣೆಯ ಉತ್ಪತ್ತಿ ಇಳಿದಿದೆ. ಮೇಲ್ನೋಟಕ್ಕೆ ಇದು ಲೆಕ್ಕಕ್ಕೆ ಹೊಂದದ ಮಾತು. ಆದರೆ ಸರಕಾರದ ಅಂಕಿಗಳು ಹೇಳುವುದು ಇದನ್ನೇ. ೨೦೧೨ರ ಜಾನುವಾರು ಗಣತಿಯಲ್ಲಿ ಸುಮಾರು ೬ ಕೋಟಿ ೫೦ ಲಕ್ಷದಷ್ಟಿದ್ದ ಕುರಿಗಳು ೨೦೧೯ರ ಗಣತಿಯ ಹೊತ್ತಿಗೆ ೭ ಕೋಟಿ ೪೨ ಲಕ್ಷವನ್ನು ಮುಟ್ಟಿದವು. ೨೦೧೮-೧೯ರಲ್ಲಿ ೪ ಕೋಟಿ ಕಿಲೋಗ್ರಾಮಿಗೆ ತುಸು ಮೇಲಿದ್ದ ಉಣ್ಣೆಯ ಉತ್ಪತ್ತಿಯಾದರೋ ೨೦೨೩-೨೪ರಲ್ಲಿ ೩ ಕೋಟಿ ೩೭ ಲಕ್ಷ ಕಿಲೋಗ್ರಾಮಿನ ಆಸುಪಾಸಿಗೆ ಬಂದು ನಿಂತಿತು. ಇನ್ನೊಂದು ವಿಚಿತ್ರವುಂಟು. ೨೦೧೯ರ ಗಣತಿಯಂತೆ ಕುರಿಗಳ ಸಂಖ್ಯೆಯಲ್ಲಿ ಮೊದಲ ಮೂರು ರಾಜ್ಯಗಳು ತೆಲಂಗಾಣ, ಆಂಧ್ರ ಮತ್ತು ಕರ್ನಾಟಕ. ೨೦೨೩-೨೪ರಲ್ಲಿ ಉಣ್ಣೆ ಕೊಟ್ಟ ಮೊದಲ ಐದು ರಾಜ್ಯಗಳ ಪಟ್ಟಿಯಲ್ಲಿ ಈ ಮೂರರಲ್ಲಿ ಒಂದರ ಹೆಸರೂ ಇಲ್ಲ. ದೇಶದ ಉಣ್ಣೆಯಲ್ಲಿ ಅರ್ಧಕ್ಕೆ ಸಮೀಪದ ಪಾಲು ರಾಜಸ್ಥಾನವೊಂದರದೇ.

ಗುಮಾಸ್ತಗಿರಿ ಮಾಡುವ ನಮ್ಮ ವಾಚಕರು ಇಂತಹ ಲೆಕ್ಕವನ್ನು ಕಂಡೊಡನೆ ಎಲ್ಲಿ ಸೋರುತ್ತಿದೆಯೆಂದು ಹುಡುಕುವರು. ಹುಡುಕಿದರೆ ಸಿಗುವ ಉತ್ತರ ಸರಳವಾದುದು. ಕುರಿಗಳಲ್ಲಿ ಎರಡು ಬಗೆ. ಮೈತುಂಬ ಉಣ್ಣೆ ಬೆಳೆಯುವುದು ಒಂದು, ಆಡಿನಂತೆ ಗಿಡ್ಡ ಕೂದಲಷ್ಟೇ ಇರುವುದು ಇನ್ನೊಂದು. ದಕ್ಷಿಣದಲ್ಲಿ ಹೆಚ್ಚುತ್ತಿರುವುದು ಎರಡನೆಯ ಬಗೆ. ಅದು ಮಾಂಸದ ಕುರಿ. ಹಿಂದೆ ಸರಿಯುತ್ತಿರುವುದು ದಖ್ಖನಿ ಎಂದು ಹೆಸರಾದ ಕರಿಯ ಉಣ್ಣೆಯ ಕುರಿ.

ಈ ಕುರಿಯನ್ನು ನಮ್ಮವರು ನೋಡಿಲ್ಲವೆಂದಲ್ಲ. ಪುಣೆಯಲ್ಲಿರುವವರು ಮಳೆಗಾಲ ಮುಗಿದ ಮೇಲೆ ಧನಗರರ ಮಂದೆಗಳು ಹೆದ್ದಾರಿಯ ಅಂಚಿನಲ್ಲಿ ಸಾಗುವುದನ್ನು ಕಂಡಿರುವರು. ಕೆಂಪು ಮುಂಡಾಸು, ಹೆಗಲ ಮೇಲೆ ಕಂಬಳಿ, ಹಿಂದೆ ಕುದುರೆಯ ಮೇಲೆ ಹೇರಿದ ಸಂಸಾರ. ಆ ಮಂದೆಯಲ್ಲಿ ಬಾಗಿದ ಮೂಗು, ಜೋತ ಕಿವಿ, ಕರಿಯ ಅಥವಾ ಕಪ್ಪು-ಬಿಳುಪಿನ ಮೈ ಇರುವ ಕುರಿಯೇ ದಖ್ಖನಿ. ಮಹಾರಾಷ್ಟ್ರದ ಒಣ ಸೀಮೆ, ಉತ್ತರ ಕರ್ನಾಟಕ, ತೆಲಂಗಾಣಗಳು ಇದರ ನೆಲೆ. ಬಳ್ಳಾರಿ ಕುರಿಯೆಂಬುದು ಇದರ ಹತ್ತಿರದ ಬಂಧು. ಮರಾಠಿಯ ಘೊಂಗಡಿ, ತೆಲುಗಿನ ಗೊಂಗಡಿ, ಕನ್ನಡದ ಕಂಬಳಿ ಮೂರೂ ಇದರ ಬೆನ್ನಿನಿಂದ ಇಳಿದವು. ಧನಗರ, ಕುರುಮ, ಕುರುಬ ಎಂಬ ಮೂರು ಹೆಸರಿನ ಕುರಿಗಾರ ಜನ ಭಾಷೆಯ ಗಡಿಯನ್ನು ಲೆಕ್ಕಿಸದೆ ಶತಮಾನಗಳಿಂದ ಇದನ್ನು ಕಾಯ್ದುಕೊಂಡು ಬಂದಿದ್ದಾರೆ.

ಈ ಉಣ್ಣೆಯ ಗುಣವೇನು? ಮೊದಲು ದೋಷವನ್ನೇ ಹೇಳೋಣ. ಇದು ಒರಟು. ಆಸ್ಟ್ರೇಲಿಯದ ಮೆರಿನೋ ಉಣ್ಣೆಯ ಎಳೆ ೨೦ ಮೈಕ್ರಾನಿನ ಆಸುಪಾಸಿನ ದಪ್ಪವಿದ್ದರೆ ದಖ್ಖನಿಯದು ೫೦ ಮೈಕ್ರಾನಿನ ಸಮೀಪ. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಎಳೆಗಳಲ್ಲಿ ಅನೇಕವು ನಡುವೆ ಟೊಳ್ಳಾದವು. ಇವು ಸುಲಭವಾಗಿ ಬಾಗವು, ಮೈಗೆ ಚುಚ್ಚುತ್ತವೆ. ಬಣ್ಣ ಕರಿದಾದ್ದರಿಂದ ಬೇರೆ ಬಣ್ಣ ಹಾಕುವಂತಿಲ್ಲ. ಒಂದು ಕುರಿಯಿಂದ ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ದೊರೆಯುವುದು ಕಿಲೋಗ್ರಾಮಿಗಿಂತ ಕಡಿಮೆ. ಸ್ವೆಟರು, ಶಾಲು, ಸೂಟುಬಟ್ಟೆಗಳ ಗಿರಣಿಗೆ ಇದು ಕೆಲಸಕ್ಕೆ ಬಾರದ ವಸ್ತು. ಉತ್ತರದ ರತ್ನಗಂಬಳಿಯ ವ್ಯಾಪಾರಿಗೂ ಬಿಳಿಯ ಉಣ್ಣೆಯೇ ಬೇಕು.

ಆದರೆ ಯಾವ ಕೆಲಸಕ್ಕೆ ಎಂಬುದನ್ನು ಕೇಳದೆ ವಸ್ತುವಿನ ಗುಣವನ್ನು ತೀರ್ಮಾನಿಸುವುದು ನ್ಯಾಯವಲ್ಲ. ಎಳೆಯ ಟೊಳ್ಳು ಗಾಳಿಯನ್ನು ಹಿಡಿದಿಡುತ್ತದೆ. ಹಿಡಿದಿಟ್ಟ ಗಾಳಿಯೇ ಬೆಚ್ಚಗಿಡುವುದು. ದಪ್ಪ ಎಳೆ ಸವೆತಕ್ಕೆ ಸುಲಭವಾಗಿ ಬಗ್ಗದು. ಕಂಬಳಿಯೊಂದು ಹತ್ತಾರು ವರ್ಷ ಬಾಳುವುದು ಇದರಿಂದಲೇ. ಇನ್ನು ಎಲ್ಲ ಉಣ್ಣೆಗೂ ಸಹಜವಾದ ಗುಣಗಳುಂಟು. ತನ್ನ ತೂಕದ ಮೂರರಲ್ಲೊಂದು ಪಾಲಿನವರೆಗೆ ತೇವವನ್ನು ಹೀರಿಯೂ ಉಣ್ಣೆ ಒದ್ದೆಯೆನಿಸದು. ತೇವವನ್ನು ಹೀರುವಾಗ ಅಲ್ಪ ಪ್ರಮಾಣದ ಶಾಖವನ್ನೂ ಬಿಡುತ್ತದೆ. ಬೆಂಕಿ ಬೇಗ ಹತ್ತದು. ಹತ್ತಿದರೂ ಕರಿಕಾಗಿ ತಾನೇ ಆರುವುದೇ ಹೆಚ್ಚು. ಇಂದು ಮಾರುಕಟ್ಟೆಯಲ್ಲಿ ಮಿರಿಮಿರಿ ಮಿಂಚುವ ಪಾಲಿಯೆಸ್ಟರಿನ ಹೊದಿಕೆಯಾದರೋ ಕರಗಿ ಚರ್ಮಕ್ಕೆ ಅಂಟುತ್ತದೆ. ಉಡುಪಿಗೆ ಬೆಂಕಿ ಹತ್ತಿದವನಿಗೆ ಕಂಬಳಿ ಸುತ್ತುವ ಹಳೆಯ ರೂಢಿಯಲ್ಲಿ ಅರ್ಥವುಂಟೆಂಬುದನ್ನು ದಿನವಿಡೀ ಒಲೆಯ ಮುಂದೆ ನಿಲ್ಲುವ ನಮ್ಮ ಹೋಟೆಲು ಬಂಧುಗಳಿಗೆ ಬೇರೆ ಹೇಳಬೇಕಾಗಿಲ್ಲ.

ಈ ಉಣ್ಣೆಯ ದೋಷಗಳನ್ನೇ ಗುಣವನ್ನಾಗಿ ಮಾಡಿಕೊಂಡದ್ದು ಕಂಬಳಿ ನೇಯುವವರ ಬುದ್ಧಿವಂತಿಕೆ. ಹೆಂಗಸರು ಕೈಯಿಂದ ನೂತ ನೂಲಿಗೆ ಹುಣಿಸೆ ಬೀಜದ ಗಂಜಿಯನ್ನು ಸವರಿ ಒಣಗಿಸಿ ಹಾಸಿಗೆ ಕಟ್ಟುತ್ತಾರೆ. ಗಂಜಿಯುಂಡ ಒರಟು ನೂಲು ಬಿಗಿಯಾದ ನೇಯ್ಗೆಯನ್ನು ಕೊಡುತ್ತದೆ. ಮಳೆಯ ಹನಿ ಅದರ ಮೇಲೆ ಜಾರಿ ಹೋಗುತ್ತದೆ. ಕುರಿಗಾಹಿಗೆ ಅದೇ ಕೊಡೆ, ಅದೇ ಹಾಸಿಗೆ, ಅದೇ ಗುಡಾರ. ಮಲೆನಾಡಿನ ಗದ್ದೆಗಳಲ್ಲಿ ಕಂಬಳಿ ಕೊಪ್ಪೆಯಿಲ್ಲದೆ ಆಷಾಢದ ಮಳೆಗೆ ಇಳಿದವರು ಹಿಂದೆ ಕಡಿಮೆ. ಮಡಿ-ಮೈಲಿಗೆಯ ಲೆಕ್ಕದಲ್ಲಿ ಹತ್ತಿಯ ಬಟ್ಟೆಗಿಲ್ಲದ ಸ್ಥಾನ ಉಣ್ಣೆಗಿತ್ತು. ಮೈಲಾರದ ಗೊರವರ ಮೈಮೇಲೆ ಇರುವುದೂ ಕರಿಯ ಕಂಬಳಿಯೇ. ಚಳ್ಳಕೆರೆ, ಮೇಡ್ಲೇರಿಗಳ ಕಂಬಳಿಯೆಂದರೆ ಹೆಸರಿತ್ತು. ಹೀಗಿರುವಾಗ ಈ ಉಣ್ಣೆ ಚುಚ್ಚುತ್ತದೆಂದು ದೂರುವುದು ಕಂಬಳಿಯ ಮೇಲೆ ಕುಳಿತು ಉಣ್ಣುತ್ತ ಅನ್ನದಲ್ಲಿ ಕೂದಲು ಬಂತೆಂದು ಗೊಣಗಿದಂತೆ.

ಹಾಗಾದರೆ ಮಾರುಕಟ್ಟೆ ಕುಸಿದುದೇಕೆ? ಸೈನ್ಯಕ್ಕಾಗಿ ದಖ್ಖನಿನ ಕಂಬಳಿಗಳನ್ನು ಸರಕಾರ ಕೊಳ್ಳುತ್ತಿದ್ದ ಕಾಲವೊಂದಿತ್ತು. ಆ ಬೇಡಿಕೆ ಗಿರಣಿಯ ಹೊದಿಕೆಗಳ ಕಡೆಗೆ ತಿರುಗಿತು. ಹರಿಯಾಣದ ಪಾಣಿಪತದಲ್ಲಿ ಹಳೆಯ ಬಟ್ಟೆಗಳನ್ನು ಚಿಂದಿಮಾಡಿ ಮತ್ತೆ ನೂತು ನೇಯ್ದ ಅಗ್ಗದ ಹೊದಿಕೆಗಳು ಪರಿಹಾರ ಕೇಂದ್ರಗಳನ್ನೂ ಬಡವರ ಮನೆಗಳನ್ನೂ ತುಂಬಿದವು. ೨೦೨೨ರ ಡಿಸೆಂಬರ ೨೯ರಂದು ಆಸ್ಟ್ರೇಲಿಯದೊಡನೆ ಮಾಡಿಕೊಂಡ ವ್ಯಾಪಾರ ಒಪ್ಪಂದ ಜಾರಿಗೆ ಬಂದು ಅಲ್ಲಿಯ ಉಣ್ಣೆಯ ಮೇಲಿನ ಆಮದು ಸುಂಕ ತೊಲಗಿತು. ದಖ್ಖನಿಯ ಉಣ್ಣೆಗೆ ಬೆಲೆ ಬೀಳಲು ಇದೇ ಕಾರಣವೆಂದು ಹೇಳುವವರಿದ್ದಾರೆ. ನಮಗೆ ಹಾಗೆ ತೋರದು. ಮೆರಿನೋ ಶಾಲಿಗೆ ಹೋಗುವ ಸರಕು, ದಖ್ಖನಿ ಕಂಬಳಿಗೆ ಹೋಗುವ ಸರಕು. ಇವೆರಡೂ ಒಂದೇ ಅಂಗಡಿಯಲ್ಲಿ ಎದುರಾದುದೇ ಇಲ್ಲ. ಕಂಬಳಿಯನ್ನು ಹೊಡೆದದ್ದು ಚಿಂದಿಯ ಹೊದಿಕೆ ಮತ್ತು ಕೃತಕ ನೂಲು. ಫಲವಾಗಿ ಇಂದು ಅನೇಕ ಕಡೆ ಕುರಿ ಕತ್ತರಿಸುವವನ ಕೂಲಿಗೂ ಉಣ್ಣೆಯ ಬೆಲೆ ಸಾಲದಾಗಿದೆ. ಉಣ್ಣೆಯನ್ನು ಕತ್ತರಿಸದೆ ಬಿಡುವಂತಿಲ್ಲ. ಬಿಟ್ಟರೆ ಉಣ್ಣಿ ಹತ್ತುತ್ತದೆ, ಬಿಸಿಲಿನಲ್ಲಿ ಕುರಿ ಬೇಯುತ್ತದೆ. ಆದುದರಿಂದ ಕೈಯಿಂದ ಹಣ ಕೊಟ್ಟು ಕತ್ತರಿಸಿ, ಉಣ್ಣೆಯನ್ನು ಹೊಲದ ಬದುವಿಗೆ ಎಸೆದು ಹೋಗುವವರಿದ್ದಾರೆ.

ಇಲ್ಲಿ ತೊಗಲಿನ ಮಾತನ್ನೂ ಆಡಬೇಕು. ಏಕೆಂದರೆ ತೊಗಲು ಕೂಡ ಉಣ್ಣೆಯ ವಿರುದ್ಧವೇ ಸಾಕ್ಷಿ ನುಡಿಯುತ್ತದೆ. ದಟ್ಟವಾದ ಉಣ್ಣೆಯ ಕುರಿಯ ಚರ್ಮದಲ್ಲಿ ಉಣ್ಣೆಯ ಬೇರುಗಳೂ ಜಿಡ್ಡಿನ ಗ್ರಂಥಿಗಳೂ ತುಂಬಿರುತ್ತವೆ. ಅವುಗಳಿಂದ ಚರ್ಮದ ಮೇಲಣ ಪದರಕ್ಕೂ ಕೆಳಗಿನ ಪದರಕ್ಕೂ ನಡುವಣ ಹಿಡಿತ ಸಡಿಲ. ಹದ ಮಾಡಿದಾಗ ತೊಗಲು ಮೆತ್ತಗೆ ಬರುವುದೇನೋ ನಿಜ, ಆದರೆ ಪೊಳ್ಳಾಗಿರುತ್ತದೆ. ಪದರಗಳು ಬಿಡುವ ಭಯವುಂಟು. ಜಿಡ್ಡನ್ನು ತೆಗೆಯುವ ಖರ್ಚು ಬೇರೆ. ಕೂದಲ ಕುರಿಯ ಚರ್ಮ ಆಡಿನ ಚರ್ಮದಂತೆ ಬಿಗಿಯಾದುದು. ಕೈಚೀಲ, ಕೈಗವಸು, ಜಾಕೀಟುಗಳಿಗೆ ಅದಕ್ಕೇ ಹೆಚ್ಚು ಬೆಲೆ. ಒರಟು ಉಣ್ಣೆಯ ಕುರಿಗಳದು ಈ ಎರಡರ ನಡುವಣ ಸ್ಥಾನ: ಮೆರಿನೋ ಜಾತಿಯ ತೊಗಲಿಗಿಂತ ಗಟ್ಟಿ, ಕೂದಲ ಕುರಿಯದಕ್ಕಿಂತ ಸಡಿಲ. ಅಸ್ತರಿಗೂ ಮೆದುವಾದ ಉಡುಪಿನ ತೊಗಲಿಗೂ ಅದು ಸಲ್ಲುತ್ತದೆ. ಆದರೆ ಮುಳ್ಳುಗಂಟಿಗಳ ನಡುವೆ ನೂರಾರು ಮೈಲಿ ನಡೆದ ಪ್ರಾಣಿಯ ಚರ್ಮದ ಮೇಲೆ ಗೀರುಗಳಿರುತ್ತವೆ. ಉಣ್ಣಿ ಕಚ್ಚಿದ ಗುರುತು, ಸಿಡುಬಿನ ಕಲೆ, ಅವಸರದಲ್ಲಿ ಸುಲಿಯುವವನ ಚೂರಿಯ ಗಾಯ ಇವೆಲ್ಲ ಸೇರಿ ದರ್ಜೆಯನ್ನು ಇಳಿಸುತ್ತವೆ.

ಚೆನ್ನೈಯಲ್ಲಿರುವ ನಮ್ಮ ವಾಚಕರಿಗೆ ರಾಣಿಪೇಟೆ, ಆಂಬೂರು, ವಾಣಿಯಂಬಾಡಿಗಳ ಚರ್ಮದ ಕಾರ್ಖಾನೆಗಳು ಗೊತ್ತಿರುವವು. ಹಿಂದೆ ಅಲ್ಲಿ ತಂಗಡಿಯ ತೊಗಟೆಯಿಂದ ಹದ ಮಾಡಿ ಅಳಲೆಕಾಯಿಯಿಂದ ಮೆರುಗು ಕೊಟ್ಟ ತೊಗಲು ಈಸ್ಟ್ ಇಂಡಿಯಾ ತೊಗಲು ಎಂಬ ಹೆಸರಿನಿಂದ ಹೊರದೇಶಗಳಿಗೆ ಹೋಗುತ್ತಿತ್ತು. ೨೦೨೫ರ ಫೆಬ್ರುವರಿಯ ಮುಂಗಡ ಪತ್ರದಲ್ಲಿ ಕೇಂದ್ರ ಸರಕಾರ ಪೂರ್ತಿ ಮೆರುಗು ಪಡೆಯದ, ಕ್ರಸ್ಟ್ ಎಂದು ಕರೆಯುವ ತೊಗಲಿನ ಮೇಲಿದ್ದ ಶೇಕಡಾ ೨೦ರ ರಫ್ತು ಸುಂಕವನ್ನು ತೆಗೆಯಿತು. ಸಣ್ಣ ಹದಗಾರರಿಗೆ ಇದರಿಂದ ಅನುಕೂಲವಾಗಲೆಂಬುದು ಉದ್ದೇಶ. ಅನುಕೂಲವು ಹದಗಾರನಿಂದ ಕಸಾಯಿಗೆ, ಕಸಾಯಿಯಿಂದ ಕುರಿಗಾಹಿಗೆ ಇಳಿದು ಬರುವುದೋ ಎಂಬುದು ಬೇರೆ ಪ್ರಶ್ನೆ. ಕುರಿಗಾಹಿ ಮಾರುವುದು ಜೀವಂತ ಕುರಿಯನ್ನು. ತೊಗಲಿನ ಬೆಲೆ ಅವನ ಕೈಗೆ ಪ್ರತ್ಯೇಕವಾಗಿ ಎಂದೂ ಬಂದದ್ದಿಲ್ಲ.

ಇಂತಿರಲು ಅವನು ಮಾಂಸದ ಕಡೆಗೆ ತಿರುಗಿದ್ದರಲ್ಲಿ ಏನು ಆಶ್ಚರ್ಯ? ಮಟನ್ನಿನ ದರ ಏರುತ್ತಿದೆ. ನೆಲ್ಲೂರು ಕುರಿ ಬೇಗ ತೂಕ ಬರುತ್ತದೆ, ಕತ್ತರಿಸುವ ತಾಪತ್ರಯವಿಲ್ಲ. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ, ಎಂದರೆ ಕನ್ನಡಿಗರೇ ಬಹಳವಾಗಿರುವ ಭಾಗದಲ್ಲಿ, ಮಾಡಗ್ಯಾಳದ ಎತ್ತರದ ಕುರಿಗೆ ಬೇಡಿಕೆ ಹೆಚ್ಚಿದುದೂ ಈ ಕಾರಣದಿಂದಲೇ. ಸರಕಾರಗಳೂ ಇದೇ ದಾರಿಯನ್ನು ಹಿಡಿದವು. ತೆಲಂಗಾಣ ಸರಕಾರ ೨೦೧೭ರಲ್ಲಿ ಶೇಕಡಾ ೭೫ರ ಸಹಾಯಧನದೊಡನೆ ಕುಟುಂಬಕ್ಕೆ ೨೦ ಹೆಣ್ಣು ಕುರಿ, ಒಂದು ಟಗರು ಹಂಚುವ ಯೋಜನೆಯನ್ನು ಆರಂಭಿಸಿತು. ೨೦೧೨ರಲ್ಲಿ ೧ ಕೋಟಿ ೨೮ ಲಕ್ಷವಿದ್ದ ಅಲ್ಲಿಯ ಕುರಿಗಳು ೨೦೧೯ಕ್ಕೆ ೧ ಕೋಟಿ ೯೦ ಲಕ್ಷವನ್ನು ದಾಟಿದವು. ಸಂಖ್ಯೆ ಬೆಳೆಯಿತು, ಯಾವ ಜಾತಿ ಬೆಳೆಯಿತು, ಯಾವುದು ಕರಗಿತು ಎಂಬ ಲೆಕ್ಕಕ್ಕೆ ಅಷ್ಟು ಗಮನ ಬೀಳಲಿಲ್ಲ. ಅದಕ್ಕೂ ಹಿಂದೆ ದಶಕಗಳ ಕಾಲ ದಖ್ಖನಿಗೆ ಮೆರಿನೋ, ರಾಂಬುಯೆ ಟಗರುಗಳನ್ನು ಕೂಡಿಸಿ ಉಣ್ಣೆಯನ್ನು ನಯಗೊಳಿಸುವ ಪ್ರಯತ್ನಗಳು ನಡೆದಿದ್ದವು. ಸಂಶೋಧನಾ ಕ್ಷೇತ್ರದ ಕೊಟ್ಟಿಗೆಯಲ್ಲಿ ಬೆಳೆದ ಆ ಸಂತಾನ ಬರಗಾಲದ ಬಯಲಿನಲ್ಲಿ ನೆಲೆಯೂರಲಿಲ್ಲ. ಹಳ್ಳದ ಎಲೆ, ಕೊಯ್ಲಾದ ಹೊಲದ ಕೂಳೆ ಇವನ್ನೇ ತಿಂದು ದಿನಕ್ಕೆ ಹತ್ತಾರು ಮೈಲಿ ನಡೆದು, ರಾತ್ರಿಯ ಮಳೆ-ಚಳಿಗಳಲ್ಲಿ ಬಯಲಲ್ಲೇ ಮಲಗಿ ಎದ್ದುಬರುವ ಶಕ್ತಿ ದಖ್ಖನಿಗೆ ಒಂದೆರಡು ತಲೆಮಾರಿನಲ್ಲಿ ಬಂದುದಲ್ಲ. ಒಮ್ಮೆ ಬೆರಕೆಯಲ್ಲಿ ಕರಗಿಹೋದ ಮೇಲೆ ಅದನ್ನು ಯಾವ ಯೋಜನೆಯೂ ಮರಳಿ ತರಲಾರದು.

ಇದು ನಮ್ಮ ದೇಶದ ಕಷ್ಟ ಮಾತ್ರವಲ್ಲ. ಇಂಗ್ಲೆಂಡಿನ ಗುಡ್ಡಗಾಡಿನ ಹರ್ಡ್‌ವಿಕ್ ಕುರಿಯ ಒರಟು ಬೂದು ಉಣ್ಣೆಗೂ ಕತ್ತರಿಸುವ ಕೂಲಿ ಹುಟ್ಟದಂತಾಗಿದೆ. ಆದರೆ ಅಲ್ಲಿ ೧೯೫೦ರಿಂದ ರೈತರ ಉಣ್ಣೆಯನ್ನೆಲ್ಲ ಒಟ್ಟುಗೂಡಿಸಿ, ದರ್ಜೆ ಮಾಡಿ, ಹರಾಜು ಹಾಕುವ ಮಂಡಲಿಯೊಂದುಂಟು. ಒರಟು ಉಣ್ಣೆಯನ್ನು ಮನೆಯ ಗೋಡೆ-ಚಾವಣಿಗಳೊಳಗೆ ಚಳಿ ತಡೆಯುವುದಕ್ಕೂ ತೋಟದ ಗೊಬ್ಬರಕ್ಕೂ ಬಳಸುವ ಉದ್ಯಮಗಳು ಅಲ್ಲಿ ಹುಟ್ಟಿಕೊಂಡಿವೆ. ನಮ್ಮಲ್ಲಿ ಜೋಧಪುರದಲ್ಲಿ ಕೇಂದ್ರ ಉಣ್ಣೆ ಅಭಿವೃದ್ಧಿ ಮಂಡಲಿಯಿದೆ. ೨೦೨೧ರಿಂದ ಐದು ವರ್ಷಗಳಿಗೆ ಉಣ್ಣೆಯ ಸಮಗ್ರ ಅಭಿವೃದ್ಧಿಗೆಂದು ೧೨೬ ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಲಾಯಿತು. ಇಡೀ ದೇಶಕ್ಕೆ ಇದು ದೊಡ್ಡ ಮೊತ್ತವೇನಲ್ಲ. ಕರ್ನಾಟಕಕ್ಕೂ ತನ್ನದೇ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವುಂಟು. ಹೆಸರಿನಲ್ಲಿ ಉಣ್ಣೆಯಿದೆ, ಕುರಿ ಸತ್ತರೆ ಪರಿಹಾರ ಕೊಡುವ ಅನುಗ್ರಹ ಯೋಜನೆಯೂ ರಾಜ್ಯದಲ್ಲಿದೆ. ಬದುಕಿರುವ ಕುರಿಯ ಉಣ್ಣೆಗೆ ಕನಿಷ್ಠ ದರವೊಂದನ್ನು ಕಟ್ಟುವುದು, ಹಳ್ಳಿಯ ಮಟ್ಟದಲ್ಲಿ ಕರಿದು-ಬಿಳಿದು, ಮರಿಯ ಉಣ್ಣೆ-ದೊಡ್ಡ ಕುರಿಯ ಉಣ್ಣೆ ಎಂದು ಬೇರ್ಪಡಿಸಿ ಕೊಳ್ಳುವುದು, ಸರಕಾರದ ವಸತಿಗೃಹ, ಆಸ್ಪತ್ರೆಗಳಿಗೆ ಬೇಕಾದ ಹೊದಿಕೆಗಳಲ್ಲಿ ಒಂದು ಪಾಲನ್ನು ಕೈಮಗ್ಗದ ಕಂಬಳಿಗೆ ಮೀಸಲಿಡುವುದು, ಇವು ಅಸಾಧ್ಯವಾದ ಕೆಲಸಗಳಲ್ಲವೆಂದು ನಮ್ಮ ಅಭಿಪ್ರಾಯ. ೨೦೨೫ರಲ್ಲಿ ಕರ್ನಾಟಕದ ಶಾಸಕಾಂಗವು ವಲಸೆ ಕುರಿಗಾಹಿಗಳ ರಕ್ಷಣೆಗೆಂದು ವಿಧೇಯಕವೊಂದನ್ನು ಅಂಗೀಕರಿಸಿತು. ಹೊಟ್ಟೆಪಾಡಿಗಾಗಿ ಊರುಬಿಟ್ಟವರಿಗೆ ಅದರ ಅಗತ್ಯ ಎಷ್ಟೆಂಬುದು ನಮಗೆ, ಪರಊರಿನವರಿಗೆ, ಚೆನ್ನಾಗಿ ತಿಳಿಯುತ್ತದೆ. ೨೦೨೬ನೆಯ ವರ್ಷವನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ವಿಶ್ವಸಂಸ್ಥೆ ಸಾರಿದುದು ಕೂಡ ಗಮನಿಸತಕ್ಕ ಸಂಗತಿ. ಆದರೆ ಹೊಡೆಯುವವರಿಂದ ಕುರಿಗಾಹಿಯನ್ನು ಕಾಪಾಡುವ ಕಾನೂನು ಅವನ ಉಣ್ಣೆಗೆ ಗಿರಾಕಿಯನ್ನು ತರಲಾರದು.

ಗಿರಾಕಿಯ ಮಾತು ಬಂದುದರಿಂದ ಒಂದು ಸಂಗತಿಯನ್ನು ತಿಳಿಸಿಬಿಡುತ್ತೇವೆ. ಊರಿಗೆ ಹೋದಾಗ ಜಾತ್ರೆಯಲ್ಲಿ ಕಂಬಳಿ ಕೊಳ್ಳುವವರು ಕರಿಯ ಬಣ್ಣಕ್ಕೆ ಮೋಸಹೋಗುವುದುಂಟು. ಗಿರಣಿಯ ಬೆರಕೆ ನೂಲಿನ ಹೊದಿಕೆಯೂ ಕಂಬಳಿಯೆಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಅಂಚಿನಿಂದ ಹಾಸಿನದೊಂದು, ಹೊಕ್ಕಿನದೊಂದು ಎಳೆಯನ್ನು ಕಿತ್ತು ಬೆಂಕಿಕಡ್ಡಿ ತಾಗಿಸಿ ನೋಡಬೇಕು. ಉಣ್ಣೆಯಾದರೆ ಕೂದಲು ಸುಟ್ಟ ನಾತ ಬರುತ್ತದೆ. ಉರಿ ಬೇಗ ಆರುತ್ತದೆ. ಉಳಿದ ಕರಿಕನ್ನು ಬೆರಳಿನಲ್ಲಿ ಹೊಸಕಿದರೆ ಪುಡಿಯಾಗುತ್ತದೆ. ಕೃತಕ ನೂಲಾದರೆ ಕರಗಿ ಗಟ್ಟಿಯಾದ ಮಣಿಯಂತೆ ಉಳಿಯುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ನಿಜವಾದ ಕಂಬಳಿಯನ್ನು ಮಾರುವವನು ಈ ಪರೀಕ್ಷೆಗೆ ಬೇಸರಪಡುವುದಿಲ್ಲ.